ಮಕ್ಕಳ ಜೊತೆ ಸಪ್ಪೊರೊ: ಬೇಸಿಗೆ ರಜೆಗೆ ಬರೋದಾ, ದಸರಾಕ್ಕಾ, ಕ್ರಿಸ್‌ಮಸ್‌ಗಾ?

ಮಕ್ಕಳನ್ನು ಕರೆದುಕೊಂಡು ಜಪಾನಿನ ಉತ್ತರದ ಹೊಕ್ಕಾಯ್ಡೊ ದ್ವೀಪದಲ್ಲಿರುವ ಸಪ್ಪೊರೊಗೆ ಹೋಗುತ್ತೇವೆ ಅಂದರೆ ಎಲ್ಲರೂ ಕೊಡುವ ಸಲಹೆ ಒಂದೇ. ಫೆಬ್ರವರಿಯ ಸ್ನೋ ಫೆಸ್ಟಿವಲ್‌ಗೆ ಹೋಗಿ ಅಂತ. ನಾನು ಈ ಊರಿನಲ್ಲೇ ಇರುವವನು. ಆ ಹಬ್ಬ ನನಗೂ ತುಂಬಾ ಇಷ್ಟ. ಆದರೂ ಕರ್ನಾಟಕದಿಂದ ಫೋನ್ ಮಾಡಿ ಕೇಳುವ ನೆಂಟರಿಗೆ, ಸ್ನೇಹಿತರಿಗೆ ನಾನು ಹೇಳುವುದು ಬೇರೆ. ಮೊದಲು ನಿಮ್ಮ ಮಕ್ಕಳ ವಯಸ್ಸು ನೋಡಿ. ಆಮೇಲೆ ನಿಮಗೆ ಯಾವ ರಜೆ ಸಿಗುತ್ತದೆ ಅಂತ ನೋಡಿ. ಜಾಗಗಳ ಪಟ್ಟಿ ಕೊನೆಗೆ. ಏಕೆಂದರೆ ಈ ಊರು ತಿಂಗಳಿಗೊಂದು ರೂಪದಲ್ಲಿ ಇರುತ್ತದೆ, ಜುಲೈನಲ್ಲಿ ಮಕ್ಕಳು ನೀರಾಡುವ ಪಾರ್ಕಿನಲ್ಲೇ ಜನವರಿಯಲ್ಲಿ ಸ್ಲೆಡ್ ಹತ್ತಿ ಗುಡ್ಡದಿಂದ ಜಾರುತ್ತಾರೆ, ಹಾಗಾಗಿ ಒಬ್ಬರಿಗೆ ಚೆನ್ನಾಗಿದ್ದ ಪ್ಲ್ಯಾನ್ ಇನ್ನೊಬ್ಬರಿಗೆ ಕೆಲಸಕ್ಕೆ ಬರುವುದಿಲ್ಲ.

ಹವೆಯ ಬಗ್ಗೆ ಚಿಕ್ಕದಾಗಿ ಹೇಳಿಬಿಡುತ್ತೇನೆ. ಆಗಸ್ಟ್‌ನಲ್ಲಿ ಹಗಲಿನ ಬಿಸಿ ಸರಾಸರಿ 26 ಡಿಗ್ರಿಯ ಆಸುಪಾಸು. ಜನವರಿ, ಫೆಬ್ರವರಿಯಲ್ಲಿ ಹಗಲಲ್ಲೇ ಸೊನ್ನೆಯ ಹತ್ತಿರ, ರಾತ್ರಿ ಅದಕ್ಕಿಂತ ಆರೇಳು ಡಿಗ್ರಿ ಕೆಳಗೆ. ಒಂದು ಚಳಿಗಾಲದಲ್ಲಿ ಬೀಳುವ ಹಿಮವನ್ನೆಲ್ಲ ಕೂಡಿಸಿದರೆ ಹೆಚ್ಚುಕಡಿಮೆ 5 ಮೀಟರ್ ಆಗುತ್ತದೆ. ಇಷ್ಟು ಹಿಮ ಬೀಳುವ ಇಷ್ಟು ದೊಡ್ಡ ನಗರಗಳು ಜಗತ್ತಿನಲ್ಲಿ ತುಂಬಾ ಕಡಿಮೆ. ಜೂನ್‌ನಲ್ಲಿ ಟೋಕಿಯೋ, ಕ್ಯೋಟೋ ಕಡೆ ಬರುವ ಜಿಟಿಜಿಟಿ ಮಳೆಗಾಲ ಇಲ್ಲಿಲ್ಲ.

ಫೆಬ್ರವರಿಯಾ, ಡಿಸೆಂಬರಾ?

ಸ್ನೋ ಫೆಸ್ಟಿವಲ್ ಶುರುವಾಗಿದ್ದು 1950ರಲ್ಲಿ. ಇಲ್ಲಿನ ಶಾಲಾ ಮಕ್ಕಳು ನಗರದ ನಡುವಿನ ಒದೋರಿ ಪಾರ್ಕಿನಲ್ಲಿ ಆರು ಹಿಮದ ಮೂರ್ತಿ ಮಾಡಿದ್ದರು. 1955ರಿಂದ ಸ್ವರಕ್ಷಣಾ ಪಡೆಯ ಸೈನಿಕರು ಕೈ ಜೋಡಿಸಿದ ಮೇಲೆ ಮೂರ್ತಿಗಳು ಕಟ್ಟಡದಷ್ಟು ದೊಡ್ಡದಾದವು. 1972ರ ಚಳಿಗಾಲದ ಒಲಿಂಪಿಕ್ಸ್ ಇದೇ ಊರಿನಲ್ಲಿ ನಡೆಯಿತಲ್ಲ, ಆಗ ಜಗತ್ತಿಗೆಲ್ಲ ಗೊತ್ತಾಯಿತು. ಈಗ ಫೆಬ್ರವರಿ ಮೊದಲ ಭಾಗದಲ್ಲಿ ಸುಮಾರು ಒಂದು ವಾರ ನಡೆಯುತ್ತದೆ.

ನೀವು ಹಬ್ಬಕ್ಕೇ ಬರುವುದಾದರೆ ಒಂದು ಮಾತು. ಜಾಗ ಮೂರು. ಒದೋರಿಯಲ್ಲಿ ದೊಡ್ಡ ಹಿಮದ ಮೂರ್ತಿಗಳು, ಸುಸುಕಿನೊದಲ್ಲಿ ಮಂಜುಗಡ್ಡೆ ಕೆತ್ತನೆಗಳು, ತ್ಸುದೋಮ್‌ನಲ್ಲಿ ಆಟ. ಮಕ್ಕಳಿಗೆ ಬೇಕಾಗಿರುವುದು ಮೂರನೆಯದು. ಜಾರುಬಂಡೆ, ಹಿಮದಲ್ಲಿ ಕುಣಿದಾಟ, ಪಕ್ಕದಲ್ಲೇ ದೊಡ್ಡ ಒಳಾಂಗಣ. ಚಳಿಯಾದರೆ ಒಳಗೆ ಹೋಗಿ ಕೂತು ಏನಾದರೂ ತಿನ್ನಬಹುದು. ಬಂದವರೆಲ್ಲ ಒದೋರಿಯಲ್ಲೇ ದಿನವೆಲ್ಲ ಕಳೆಯುತ್ತಾರೆ, ಅಲ್ಲಿ ಜನಜಂಗುಳಿಯ ನಡುವೆ ಸಾಲಾಗಿ ನಡೆಯುತ್ತಾ ಮೂರ್ತಿ ನೋಡಬೇಕು, ನಾಲ್ಕು ವರ್ಷದ ಮಗುವಿಗೆ ಮುಂದಿನವರ ಬೆನ್ನು ಬಿಟ್ಟು ಬೇರೇನೂ ಕಾಣುವುದಿಲ್ಲ. ಒದೋರಿಗೆ ಸಂಜೆ ದೀಪ ಹಾಕಿದ ಮೇಲೆ ಒಂದು ಗಂಟೆ ಹೋಗಿ ಬನ್ನಿ. ಹಗಲು ತ್ಸುದೋಮ್‌ಗೆ ಕೊಡಿ. ತೋಹೊ ಲೈನಿನ ಸಬ್‌ವೇ ಹತ್ತಿ ಕೊನೆಯ ಸ್ಟೇಷನ್ ಸಕಾಏಮಾಚಿಯಲ್ಲಿ ಇಳಿಯಬೇಕು.

ಆದರೆ ಕರ್ನಾಟಕದ ಶಾಲೆಗಳಿಗೆ ಫೆಬ್ರವರಿಯಲ್ಲಿ ರಜೆ ಇಲ್ಲ, ಪರೀಕ್ಷೆ ಹತ್ತಿರ ಬಂದಿರುತ್ತದೆ. ಆ ವಾರ ಹೋಟೆಲ್ ಸಿಗುವುದೇ ಕಷ್ಟ, ಸಿಕ್ಕರೂ ದರ ವಿಪರೀತ. ಇಷ್ಟೆಲ್ಲ ಕಷ್ಟಪಟ್ಟು ಬಂದ ಮಕ್ಕಳಿಗೆ ಕೊನೆಗೆ ನೆನಪಿರುವುದು ಏನು ಗೊತ್ತಾ? ಮೂರ್ತಿಗಳಲ್ಲ. ಮೊಣಕಾಲುದ್ದ ಹಿಮದಲ್ಲಿ ಬಿದ್ದು ಹೊರಳಿದ್ದು. ಅದಕ್ಕೆ ಹಬ್ಬ ಬೇಕಾಗಿಲ್ಲ, ಹಿಮ ಸಾಕು. ಹಿಮ ಡಿಸೆಂಬರ್ ಕೊನೆಗೆ ಸಾಮಾನ್ಯವಾಗಿ ನೆಲದ ಮೇಲೆ ಚೆನ್ನಾಗಿ ಕೂತಿರುತ್ತದೆ.

ಅದಕ್ಕೇ ಶಾಲೆಗೆ ಹೋಗುವ ಮಕ್ಕಳಿರುವ ಮನೆಯವರಿಗೆ ನಾನು ಹೇಳುವುದು ಕ್ರಿಸ್‌ಮಸ್ ರಜೆ. ಡಿಸೆಂಬರ್ 25ರೊಳಗೆ ಬಂದು ತಲುಪಿದರೆ ಒದೋರಿಯಲ್ಲಿ ವೈಟ್ ಇಲ್ಯುಮಿನೇಷನ್ ಸಿಗುತ್ತದೆ, 1981ರಿಂದ ನಡೆದುಬಂದಿರುವ ದೀಪಾಲಂಕಾರ ಇದು. ಪಕ್ಕದಲ್ಲೇ ಮ್ಯೂನಿಕ್ ಕ್ರಿಸ್‌ಮಸ್ ಮಾರ್ಕೆಟ್. ಜರ್ಮನಿಯ ಮ್ಯೂನಿಕ್ ಸಪ್ಪೊರೊಗೆ ಸಹೋದರಿ ನಗರ, ಮಾರ್ಕೆಟ್ ಆ ನಂಟಿನಿಂದ ಬಂದಿದ್ದು. ಆಮೇಲೆ ಊರ ಹೊರಗಿನ ತಾಕಿನೊ ಪಾರ್ಕಿನಲ್ಲಿ ಹಿಮದಾಟದ ಜಾಗ ಸ್ನೋ ವರ್ಲ್ಡ್ ಡಿಸೆಂಬರ್ ಕೊನೆಯ ವಾರದಲ್ಲಿ ತೆರೆಯುತ್ತದೆ, ಮಾರ್ಚ್ ಕೊನೆಯವರೆಗೂ ಇರುತ್ತದೆ. ಅಲ್ಲಿ ಟ್ಯೂಬಿನ ಮೇಲೆ ಕೂತು ಜಾರುವ 200 ಮೀಟರ್ ಉದ್ದದ ಇಳಿಜಾರು ಇದೆ. ಇದನ್ನು ಬಿಡಬೇಡಿ. ಸ್ಕೀ ಕಲಿಯುವ ಆಸೆ ಇರುವವರಿಗೆ ನಗರದೊಳಗೇ ಬಾಂಕೆಯ್ ಮತ್ತು ತೇಯ್ನೆ ಇವೆ. ಮೊದಲ ಸಲ ಅಂದರೆ ಬಾಂಕೆಯ್ ಹತ್ತಿರ. ತೇಯ್ನೆ ಒಲಿಂಪಿಕ್ಸ್ ನಡೆದ ಬೆಟ್ಟ, ದೊಡ್ಡದು.

ತೊಂದರೆಯೂ ಇದೆ, ಮುಚ್ಚಿಡುವುದಿಲ್ಲ. ಡಿಸೆಂಬರ್ 29ರಿಂದ ಜನವರಿ 3ರವರೆಗೆ ಬಹಳಷ್ಟು ಮ್ಯೂಸಿಯಂಗಳು, ಮೃಗಾಲಯ, ಚಿಕ್ಕ ಊಟದ ಹೋಟೆಲುಗಳು ಕೆಲವು ದಿನ ಬಾಗಿಲು ಹಾಕುತ್ತವೆ. ಸಂಜೆ 4 ಗಂಟೆಗೇ ಸೂರ್ಯ ಮುಳುಗುತ್ತಾನೆ. ಹಾಗಾಗಿ ಹೊರಗಿನ ಆಟ ಏನಿದ್ದರೂ ಬೆಳಗ್ಗೆ, ಊಟ ಆದ ಮೇಲೆ ಒಳಗಿನ ಜಾಗ. ಕೆಲವು ವರ್ಷ ಹಿಮ ತಡವಾಗುವುದೂ ಉಂಟು, ಫೆಬ್ರವರಿಯಲ್ಲಿ ಆ ಚಿಂತೆ ಕಡಿಮೆ. ನಿಮ್ಮ ಮಕ್ಕಳಿಗೆ ಇನ್ನೂ ಶಾಲೆ ಶುರುವಾಗಿಲ್ಲ, ಹೋಟೆಲನ್ನು ತಿಂಗಳುಗಟ್ಟಲೆ ಮೊದಲೇ ಹಿಡಿಯಬಲ್ಲಿರಿ ಅಂದರೆ ಹಬ್ಬ ಮುಗಿದ ಮರುವಾರ ಬನ್ನಿ. ಹಿಮ ಅಷ್ಟೇ ಇರುತ್ತದೆ, ಜನ ಕರಗಿರುತ್ತಾರೆ.

ಮೂರು ವರ್ಷದೊಳಗಿನ ಮಗು ಇದ್ದರೆ ಮಾತ್ರ ಚಳಿಗಾಲ ಬೇಡ ಅನ್ನುತ್ತೇನೆ. ತಳ್ಳುಗಾಡಿಯ ಚಕ್ರ ಹಿಮದಲ್ಲಿ ಓಡುವುದಿಲ್ಲ. ಇಲ್ಲಿನ ತಾಯಂದಿರು ಮಕ್ಕಳನ್ನು ಪ್ಲಾಸ್ಟಿಕ್ ಸ್ಲೆಡ್ಡಿನಲ್ಲಿ ಕೂರಿಸಿ ಹಗ್ಗ ಕಟ್ಟಿ ಎಳೆದುಕೊಂಡು ಹೋಗುತ್ತಾರೆ, ನೋಡಲು ಚೆಂದ, ಆದರೆ ನಮಗೆ ಅದು ಒಂದೇ ದಿನಕ್ಕೆ ಬರುವ ಅಭ್ಯಾಸ ಅಲ್ಲ. ಸಪ್ಪೊರೊ ಸ್ಟೇಷನ್ನಿನಿಂದ ಸುಸುಕಿನೊವರೆಗೆ ನೆಲದಡಿಯಲ್ಲೇ ನಡೆದು ಹೋಗುವ ದಾರಿ ಇದೆ. ಅದೇ ದೊಡ್ಡ ಆಸರೆ. ಚಳಿಗಾಲದಲ್ಲಿ ಬಂದರೆ ಹೋಟೆಲನ್ನು ಆ ದಾರಿಯ ಬಾಗಿಲಿಗೆ ಹತ್ತಿರ ಹಿಡಿಯಿರಿ.

ರಸ್ತೆಯಲ್ಲಿ ಜಾರುವುದು ನಿಜವಾದ ಅಪಾಯ. ಬೂಟಿಗೆ ಕಟ್ಟಿಕೊಳ್ಳುವ ಹಿಡಿತದ ಪಟ್ಟಿಯನ್ನು ಬಂದ ದಿನವೇ ಕೊಳ್ಳಿ, ಕನ್ವೀನಿಯನ್ಸ್ ಸ್ಟೋರ್‌ಗಳಲ್ಲೂ ಸಿಗುತ್ತದೆ. ಚಿಕ್ಕ ಹೆಜ್ಜೆ, ಪಾದ ಪೂರ್ತಿ ಊರಿ, ಪೆಂಗ್ವಿನ್ ಥರ ನಡೆಯಬೇಕು ಅಂತ ಇಲ್ಲಿ ಎಲ್ಲರೂ ಹೇಳಿಕೊಡುತ್ತಾರೆ, ಮಕ್ಕಳಿಗೆ ಅದೇ ಒಂದು ಆಟ. ರಸ್ತೆ ದಾಟುವ ಮೂಲೆಗಳಲ್ಲಿ ಮರಳಿನ ಪೆಟ್ಟಿಗೆ ಇಟ್ಟಿರುತ್ತಾರೆ. ಯಾರು ಬೇಕಾದರೂ ತೆಗೆದು ಹಾದಿಗೆ ಚೆಲ್ಲಬಹುದು. ಮಕ್ಕಳ ಕೈಯಲ್ಲಿ ಚೆಲ್ಲಿಸಿ. ಟ್ರಾಮ್ ಹಳಿಯ ಮೇಲಿನ ಹಿಮವನ್ನು ಬಿದಿರಿನ ಪೊರಕೆಗಳಿಂದ ಗುಡಿಸುತ್ತಾ ಹೋಗುವ ‘ಸಸಾರಾ’ ಗಾಡಿ ಕಣ್ಣಿಗೆ ಬಿದ್ದರಂತೂ ಅವರ ಖುಷಿಗೆ ಪಾರವೇ ಇಲ್ಲ.

ಬೇಸಿಗೆ ರಜೆ: ಏಪ್ರಿಲ್ ಬೇಡ, ಮೇ ಬರಲಿ

ಏಪ್ರಿಲ್ ಮೊದಲ ಎರಡು ಮೂರು ವಾರ ದಯವಿಟ್ಟು ಬರಬೇಡಿ. ಕರಗಿದ ಹಿಮ ಕಪ್ಪಗೆ ರಸ್ತೆ ಬದಿಯಲ್ಲಿ ರಾಶಿ ಬಿದ್ದಿರುತ್ತದೆ, ಮರದಲ್ಲಿ ಎಲೆ ಇರುವುದಿಲ್ಲ. ಟೋಕಿಯೋದಲ್ಲಿ ಚೆರ್ರಿ ಹೂ ನೋಡಿ ಇಲ್ಲಿಗೂ ಬಂದುಬಿಡೋಣ ಅಂತ ಬಂದವರು ಬೇಜಾರು ಮಾಡಿಕೊಂಡು ಹೋಗುತ್ತಾರೆ. ಇಲ್ಲಿ ಚೆರ್ರಿ ಅರಳುವುದು ಸಾಮಾನ್ಯವಾಗಿ ಏಪ್ರಿಲ್ ಕೊನೆಯಿಂದ ಮೇ ಮೊದಲ ವಾರ, ಇತ್ತೀಚೆಗೆ ಸ್ವಲ್ಪ ಬೇಗ. ಅದೇ ಹೊತ್ತಿಗೆ ಗೋಲ್ಡನ್ ವೀಕ್, ಇಡೀ ಜಪಾನಿಗೆ ರಜೆ. ಮೇ 5 ಮಕ್ಕಳ ದಿನ. ಊರ ಹೊರಗೆ ಬೆಟ್ಟದ ಕಡೆ ಇರುವ ಜೊಜಾಂಕೆಯ್‌ನಲ್ಲಿ ನದಿಯ ಮೇಲೆ ನೂರಾರು ಬಟ್ಟೆ ಮೀನುಗಳನ್ನು ಹಾರಿಸುತ್ತಾರೆ. ಚೆಂದವೇ, ಆದರೆ ಎಲ್ಲ ಕಡೆ ರಶ್.

ನನ್ನ ಆಯ್ಕೆ ಮೇ ಎರಡನೇ ವಾರದಿಂದ ತಿಂಗಳ ಕೊನೆಯವರೆಗೆ. ಊರಲ್ಲಿ ಶಾಲೆ ಶುರುವಾಗುವ ಮೊದಲು ವಾಪಸ್ ಹೋಗಬಹುದು. ಹೋಟೆಲ್ ದರ ಇಳಿದಿರುತ್ತದೆ. ಹಗಲು 17-18 ಡಿಗ್ರಿ, ಒಂದು ಸ್ವೆಟರ್ ಸಾಕು. ಒದೋರಿಯಲ್ಲಿ ಲೈಲಾಕ್ ಹೂವು, ತಾಕಿನೊದಲ್ಲಿ ಟ್ಯೂಲಿಪ್. ಚಿಕ್ಕ ಮಕ್ಕಳಿರುವವರು, ಅಜ್ಜ ಅಜ್ಜಿಯನ್ನು ಕರೆದುಕೊಂಡು ಬರುವವರು ಕಣ್ಣು ಮುಚ್ಚಿ ಇದನ್ನೇ ಆರಿಸಿ. ಒಂದೇ ಎಚ್ಚರಿಕೆ: ಬೆಳಗ್ಗೆ 4 ಗಂಟೆಗೆಲ್ಲ ಬೆಳಕಾಗುತ್ತದೆ, ಪರದೆ ಸರಿಯಾಗಿ ಎಳೆಯದಿದ್ದರೆ ಮಕ್ಕಳು ಆಗಲೇ ಎದ್ದು ಕೂರುತ್ತಾರೆ.

ಮೊಎರೆನುಮಾ ಅಥವಾ ತಾಕಿನೊ

ಮೇ ತಿಂಗಳಲ್ಲಿ ಬಂದವರು ಕೇಳುವ ದೊಡ್ಡ ಪ್ರಶ್ನೆ ಇದು. ಎರಡೂ ದೊಡ್ಡ ಪಾರ್ಕು, ಎರಡೂ ಊರ ಹೊರಗೆ, ಎರಡಕ್ಕೂ ಸಬ್‌ವೇ ಇಳಿದು ಬಸ್ ಹಿಡಿಯಬೇಕು. ಇರುವುದು ಒಂದೇ ದಿನ ಅಂದರೆ ಯಾವುದು?

ಮೊಎರೆನುಮಾ ಇರುವ ಜಾಗದಲ್ಲಿ ಮೊದಲು ನಗರದ ಕಸ ತಂದು ಹಾಕುತ್ತಿದ್ದರು. 1990ರವರೆಗೆ ಸುಮಾರು 27 ಲಕ್ಷ ಟನ್ ಕಸ ಅಲ್ಲಿ ಹೂತಿದೆ. ಶಿಲ್ಪಿ ಇಸಾಮು ನೊಗುಚಿ 1988ರಲ್ಲಿ ಇಡೀ ಜಾಗವನ್ನೇ ಒಂದು ಶಿಲ್ಪ ಅಂದುಕೊಂಡು ನಕ್ಷೆ ಮಾಡಿಕೊಟ್ಟರು, ಅದೇ ವರ್ಷ ಡಿಸೆಂಬರ್‌ನಲ್ಲಿ ತೀರಿಕೊಂಡರು. ಅವರು ಹೋದ ಮೇಲೂ ಕೆಲಸ ನಿಲ್ಲಲಿಲ್ಲ, 2005ರಲ್ಲಿ ಪಾರ್ಕು ಪೂರ್ತಿಯಾಯಿತು. ಸಮುದ್ರ ಮಟ್ಟದಿಂದ 62 ಮೀಟರ್ ಎತ್ತರದ ಮೊಎರೆ ಗುಡ್ಡ ಇದೆ, ಐದು ವರ್ಷದ ಮಕ್ಕಳೂ ಹತ್ತುತ್ತಾರೆ, ಮೇಲೆ ನಿಂತರೆ ಇಡೀ ಸಪ್ಪೊರೊ ಕಾಣುತ್ತದೆ. ಚೆರ್ರಿ ಮರಗಳ ನಡುವೆ ನೊಗುಚಿ ಯೋಚಿಸಿದ 126 ಆಟದ ಸಾಮಾನುಗಳಿವೆ. ಮಾಮೂಲಿ ಉಯ್ಯಾಲೆ ಜಾರುಬಂಡೆ ಅಲ್ಲ, ಇದನ್ನು ಹತ್ತಬೇಕೋ ಒಳಗೆ ನುಗ್ಗಬೇಕೋ ಅಂತ ಮಕ್ಕಳೇ ಕಂಡುಹಿಡಿಯಬೇಕು. ಬಿಸಿಲು ಬಂದ ಮೇಲೆ ಮಕ್ಕಳು ಆಡುವ ತೆಳು ನೀರಿನ ಕೊಳವೂ ಉಂಟು. ಅಲ್ಲಿನ ಗಾಜಿನ ಪಿರಮಿಡ್ ಕಟ್ಟಡವನ್ನು ಬೇಸಿಗೆಯಲ್ಲಿ ತಂಪು ಮಾಡುವುದು ಚಳಿಗಾಲದಲ್ಲಿ ಕೂಡಿಟ್ಟ ಹಿಮದಿಂದ! ದೊಡ್ಡ ಮಕ್ಕಳಿಗೆ ಇದನ್ನು ವಿವರಿಸಿ ಹೇಳಿ, ಆಮೇಲೆ ಬರುವ ಪ್ರಶ್ನೆಗಳಿಗೆ ಉತ್ತರ ಕೊಡಲು ನೀವೂ ಓದಿಕೊಂಡಿರಬೇಕು. ಪ್ರವೇಶಕ್ಕೆ ದುಡ್ಡಿಲ್ಲ. ಬಾಡಿಗೆ ಸೈಕಲ್ ಸಿಗುತ್ತದೆ, ತೆಗೆದುಕೊಳ್ಳಿ, ಇಲ್ಲದಿದ್ದರೆ ನಡೆದೇ ಸಾಕಾಗುತ್ತದೆ.

ತಾಕಿನೊ ಸುಜುರಾನ್ ಪಾರ್ಕು ಊರಿನ ದಕ್ಷಿಣದ ಗುಡ್ಡಗಳಲ್ಲಿದೆ, ಜಪಾನಿನ ಕೇಂದ್ರ ಸರ್ಕಾರದ ಪಾರ್ಕು. ನಂಬೊಕು ಲೈನಿನ ಕೊನೆ, ಮಕೊಮನಾಯ್ ಸ್ಟೇಷನ್ನಿನಿಂದ ಬಸ್. ಮಕ್ಕಳ ಕಣಿವೆ ಅಂತ ಒಂದು ಭಾಗ ಇದೆ. ನೆಲದಡಿಯ ಗುಹೆಯಂಥ ಜಾಗಗಳು, ಬಲೆಯ ಮೇಲೆ ಹಾರಾಡುವ ದೊಡ್ಡ ಡೋಮ್, ಎಲ್ಲ ಒಂದೇ ಕಡೆ. ಮಕ್ಕಳಿಗೆ ಟಿಕೆಟ್ ಇಲ್ಲ, ದೊಡ್ಡವರಿಗೆ ಇದೆ. ಹೂವಿನ ತೋಟವೂ ಇರುವುದರಿಂದ ಮಕ್ಕಳು ಕುಣಿಯುವ ಹೊತ್ತಿನಲ್ಲಿ ಅಜ್ಜಿ ಹೂವಿನ ನಡುವೆ ಕೂತಿರಬಹುದು. ಏಪ್ರಿಲ್‌ನಲ್ಲಿ ಸ್ವಲ್ಪ ದಿನ, ನವೆಂಬರ್ ಮಧ್ಯದಿಂದ ಸ್ನೋ ವರ್ಲ್ಡ್ ತೆರೆಯುವವರೆಗೆ ಮುಚ್ಚಿರುತ್ತದೆ.

ನನ್ನ ತೀರ್ಮಾನ: ಎಂಟು ವರ್ಷದೊಳಗಿನ ಮಕ್ಕಳಿಗೆ, ಹಾಗೇ ಚಳಿಗಾಲಕ್ಕೆ ತಾಕಿನೊ. ಅದಕ್ಕಿಂತ ದೊಡ್ಡವರಿಗೆ, ಚಿತ್ರ ಬಿಡಿಸುವ ಕಟ್ಟುವ ಆಸಕ್ತಿ ಇರುವ ಮಕ್ಕಳಿಗೆ, ಬೇಸಿಗೆಗೆ ಮೊಎರೆನುಮಾ. ಮಳೆ ಬರುವ ಸೂಚನೆ ಇದ್ದರೆ ಎರಡೂ ಬೇಡ. ದೂರ ಹೋಗಲು ಆಗದವರು ಒದೋರಿಯ 8-9ನೇ ಬ್ಲಾಕಿನ ನಡುವೆ ನೊಗುಚಿಯವರದೇ ಕಪ್ಪು ಕಲ್ಲಿನ ಜಾರುಬಂಡೆ ಇದೆ, ಅಲ್ಲಿಗಾದರೂ ಹೋಗಿ. ದೊಡ್ಡ ಶಿಲ್ಪಿಯ ಕೃತಿಯ ಮೇಲೆ ಮಕ್ಕಳು ಸುಮ್ನೆ ಜಾರಿ ಆಡಬಹುದು, ಯಾರೂ ಏನೂ ಅನ್ನುವುದಿಲ್ಲ.

ದಸರಾ, ಮತ್ತೆ ಜುಲೈ

ದಸರಾ ರಜೆಯ ಕಷ್ಟ ಅಂದರೆ ಅದು ಪ್ರತಿ ವರ್ಷ ಜಾಗ ಬದಲಿಸುತ್ತದೆ. ವಿಜಯದಶಮಿ 2023ರಲ್ಲಿ ಅಕ್ಟೋಬರ್ 24ಕ್ಕೆ ಬಂತು, 2025ರಲ್ಲಿ ಅಕ್ಟೋಬರ್ 2ಕ್ಕೇ. ಇಲ್ಲಿ ಎಲೆ ಕೆಂಪಾಗುವುದು ಜೊಜಾಂಕೆಯ್ ಕಡೆ ಅಕ್ಟೋಬರ್ ಮೊದಲ, ಎರಡನೇ ವಾರದ ಹೊತ್ತಿಗೆ. ಊರೊಳಗೆ ಅದಕ್ಕಿಂತ ತಡ. ಹೊಕ್ಕಾಯ್ಡೊ ವಿಶ್ವವಿದ್ಯಾಲಯದ ಗಿಂಕ್ಗೊ ಮರಗಳ ಸಾಲು ಬಂಗಾರದ ಬಣ್ಣಕ್ಕೆ ತಿರುಗುವುದು ತಿಂಗಳ ಕೊನೆಗೆ. ಹಾಗಾಗಿ ದಸರಾ ಬೇಗ ಬಂದ ವರ್ಷ ಬೆಟ್ಟದ ಕಡೆ, ತಡವಾದ ವರ್ಷ ಊರೊಳಗೆ. ಸೆಪ್ಟೆಂಬರ್ ಕೊನೆಯಾದರೆ ಒದೋರಿಯಲ್ಲಿ ಆಟಮ್ ಫೆಸ್ಟ್, ತಿನ್ನುವ ಹಬ್ಬ. ಊರಿನ ದಕ್ಷಿಣದ ತೋಟಗಳಲ್ಲಿ ದ್ರಾಕ್ಷಿ, ಸೇಬು ಕೈಯಾರೆ ಕಿತ್ತು ಅಲ್ಲೇ ತಿನ್ನಬಹುದು. ಮರದಿಂದ ಸೇಬು ಕಿತ್ತು ತಿನ್ನುವುದು ನಮ್ಮ ಮಕ್ಕಳಿಗೆ ಎಲ್ಲಿ ಸಿಗುತ್ತದೆ ಹೇಳಿ?

ಜುಲೈ-ಆಗಸ್ಟ್ ರಜೆ ಸಿಗುವುದು ಅಮೆರಿಕ, ಯುರೋಪ್, ಗಲ್ಫ್ ಕಡೆಯ ಕನ್ನಡದವರಿಗೆ. ಲ್ಯಾವೆಂಡರ್ ನೋಡಬೇಕು ಅಂತ ಎಲ್ಲರೂ ಫುರಾನೊಗೆ ಓಡುತ್ತಾರೆ. ಹೋಗಲು ಎರಡು ಗಂಟೆ, ಬರಲು ಎರಡು ಗಂಟೆ. ಹೂವಿನ ಹೊಲದ ಮುಂದೆ ಮಕ್ಕಳು ಕಾಲು ಗಂಟೆ ನಿಂತರೆ ಹೆಚ್ಚು. ಊರ ಪಕ್ಕದ ಹೊರೊಮಿ ಘಾಟಿನಲ್ಲೂ ಲ್ಯಾವೆಂಡರ್ ತೋಟ ಇದೆ, ಚಿಕ್ಕದು, ಆದರೆ ಹೂವಿನ ಹಿಂದೆ ಇಡೀ ನಗರ ಕಾಣುತ್ತದೆ. ಮಕ್ಕಳಿದ್ದರೆ ಅದೇ ಸಾಕು.

ಮೃಗಾಲಯ, ಎತ್ತರ, ಒಂದು ದಿನದ ಪ್ರಯಾಣ

ಮಾರುಯಾಮಾ ಮೃಗಾಲಯ ಊರೊಳಗೇ ಇದೆ, 1951ರಿಂದ ಇದೆ. ಹಿಮಕರಡಿಗಳ ಕೆರೆಯಡಿ ಗಾಜಿನ ಸುರಂಗದಲ್ಲಿ ನಡೆಯಬಹುದು. 2018ರಲ್ಲಿ ಮ್ಯಾನ್ಮಾರ್‌ನಿಂದ ನಾಲ್ಕು ಆನೆ ಬಂದವು, 2023ರಲ್ಲಿ ಮರಿಯೂ ಹುಟ್ಟಿತು. ಇನ್ನೊಂದು ಮೃಗಾಲಯ ಅಸಾಹಿಯಾಮಾ ಇರುವುದು ಅಸಾಹಿಕಾವಾ ಊರಿನಲ್ಲಿ, ಎಕ್ಸ್‌ಪ್ರೆಸ್ ರೈಲಿನಲ್ಲಿ 85 ನಿಮಿಷ, ಆಮೇಲೆ ಬಸ್. ಚಳಿಗಾಲದಲ್ಲಿ ಹಿಮ ಚೆನ್ನಾಗಿ ಕೂತ ಮೇಲೆ ಅಲ್ಲಿ ಪೆಂಗ್ವಿನ್‌ಗಳನ್ನು ಸಾಲಾಗಿ ವಾಕಿಂಗ್ ಕರೆದುಕೊಂಡು ಬರುತ್ತಾರೆ, ನಮ್ಮ ಕಾಲ ಪಕ್ಕದಲ್ಲೇ ಹಾದು ಹೋಗುತ್ತವೆ. ಅದಕ್ಕೋಸ್ಕರ ಚಳಿಗಾಲದಲ್ಲಿ ಒಂದು ದಿನ ಕೊಡಬಹುದು. ಆದರೆ ಅಸಾಹಿಕಾವಾ ಚಳಿ ಅಂದರೆ ಚಳಿ, 1902ರಲ್ಲಿ ಮೈನಸ್ 41 ಡಿಗ್ರಿ ದಾಖಲಾದ ಊರು ಅದು, ಜಪಾನಿನ ದಾಖಲೆ. ಬೇರೆ ತಿಂಗಳಲ್ಲಿ ಮಾರುಯಾಮಾ ಸಾಕು. ಬರೀ ಪೆಂಗ್ವಿನ್ ಸಾಕು ಅಂದರೆ ತಾನುಕಿಕೋಜಿಯ ಅಂಗಡಿ ಸಾಲಿನಲ್ಲಿ 2023ರಲ್ಲಿ ತೆರೆದ ಆಓಆಓ ಅಕ್ವೇರಿಯಂ ಇದೆ, ರಾತ್ರಿಯವರೆಗೂ ತೆರೆದಿರುತ್ತದೆ. ಬೇಗ ಕತ್ತಲಾಗುವ ಡಿಸೆಂಬರ್‌ಗೆ ಹೇಳಿ ಮಾಡಿಸಿದ್ದು.

ಎತ್ತರದಿಂದ ಊರು ನೋಡಲು ಮೂರು ಜಾಗ, ಒಂದು ಸಾಕು. ತಳ್ಳುಗಾಡಿ ಇದ್ದರೆ ಟಿವಿ ಟವರ್. ರಾತ್ರಿ ದೀಪಗಳಿಗೆ ಮೊಇವಾ ಬೆಟ್ಟ, ರೋಪ್‌ವೇ ಹತ್ತಿ ಹೋಗಬೇಕು, ಮೇಲೆ ಗಾಳಿ ಜೋರು. ಆಟೋಟದ ಹುಚ್ಚಿರುವ ಮಕ್ಕಳಿಗೆ ಒಕುರಾಯಾಮಾ. ಒಲಿಂಪಿಕ್ಸ್‌ನ ಸ್ಕೀ ಜಂಪ್ ನಡೆದ ಇಳಿಜಾರಿನ ತುದಿಗೆ ಕುರ್ಚಿ ಲಿಫ್ಟಿನಲ್ಲಿ ಹೋಗಿ ಕೆಳಗೆ ನೋಡಿದರೆ ದೊಡ್ಡವರ ಎದೆಯೂ ಝಲ್ಲೆನ್ನುತ್ತದೆ. ನನಗೆ ಮೂರರಲ್ಲಿ ಇದೇ ಇಷ್ಟ.

ಊರ ಹೊರಗೆ ಒಂದು ದಿನ ಅಂದರೆ ಓತಾರು ಅಥವಾ ಜೊಜಾಂಕೆಯ್. ಓತಾರುಗೆ ರೈಲಿನಲ್ಲಿ ಅರ್ಧ ಮುಕ್ಕಾಲು ಗಂಟೆ. ಹೋಗುವಾಗ ಬಲಗಡೆ ಕೂರಿ, ಹಳಿ ಸಮುದ್ರದ ಅಂಚಿನಲ್ಲೇ ಓಡುತ್ತದೆ. ಕಾಲುವೆ, ಮ್ಯೂಸಿಕ್ ಬಾಕ್ಸ್ ಅಂಗಡಿ, ಹಬೆಯಿಂದ ಕೂಗುವ ಗಡಿಯಾರ. ರೈಲು ಹುಚ್ಚಿನ ಮಕ್ಕಳಿಗೆ ತೆಮಿಯಾದ ಮ್ಯೂಸಿಯಂ, ಹೊಕ್ಕಾಯ್ಡೊದ ಮೊದಲ ರೈಲು 1880ರಲ್ಲಿ ಹೊರಟಿದ್ದು ಅಲ್ಲಿಂದ. ಜೊಜಾಂಕೆಯ್ ಬಿಸಿನೀರಿನ ಬುಗ್ಗೆಗಳ ಹಳ್ಳಿ, ಬಸ್ಸಿನಲ್ಲಿ ಒಂದು ಗಂಟೆಯ ಮೇಲೆ. ಸ್ನಾನದ ಮನೆಗಳಲ್ಲಿ ಬಟ್ಟೆ ಇಲ್ಲದೆ ಇಳಿಯಬೇಕು, ಗಂಡಸರಿಗೆ ಹೆಂಗಸರಿಗೆ ಬೇರೆ ಬೇರೆ. ಸಂಕೋಚ ಅನ್ನಿಸಿದರೆ ಕುಟುಂಬಕ್ಕೇ ಬಾಡಿಗೆಗೆ ಕೊಡುವ ಸ್ನಾನದ ಕೋಣೆ ಕೆಲವು ಕಡೆ ಇದೆ, ‘ಕಾಶಿಕಿರಿ’ ಅಂತ ಕೇಳಿ. ಇಲ್ಲದಿದ್ದರೆ ರಸ್ತೆ ಬದಿಯಲ್ಲಿ ಕಾಲು ಇಳಿಬಿಡುವ ಬಿಸಿನೀರಿನ ತೊಟ್ಟಿಗಳೇ ಸಾಕು. ಮಕ್ಕಳಿಗೆ ಓತಾರು, ಅಜ್ಜ ಅಜ್ಜಿಯ ಮಂಡಿನೋವಿಗೆ ಜೊಜಾಂಕೆಯ್.

ಊಟ

ಸಪ್ಪೊರೊದ ಹೆಮ್ಮೆಯ ತಿಂಡಿ ಸೂಪ್ ಕರಿ. ಹೆಸರು ಕೇಳಿ ನಮ್ಮವರು ಖುಷಿಯಾಗುತ್ತಾರೆ. ಸಸ್ಯಾಹಾರಿಗಳು ಜೋಪಾನ. ‘ವೆಜಿಟೆಬಲ್’ ಅಂತ ಬರೆದಿದ್ದರೂ ಸೂಪಿನ ಬುಡ ಸಾಮಾನ್ಯವಾಗಿ ಕೋಳಿಯ ಅಥವಾ ಹಂದಿಯ ಮೂಳೆ ಬೇಯಿಸಿದ ನೀರು. ಕೆಲವು ಅಂಗಡಿಗಳಲ್ಲಿ ಮಾಂಸ ಇಲ್ಲದ ಸೂಪನ್ನು ಬೇರೆಯಾಗಿ ಮಾಡುತ್ತಾರೆ, ಕೇಳಿಯೇ ಕೂರಿ. ‘ಮಾಂಸ, ಮೀನು, ಮೀನಿನ ಪುಡಿ, ಮೂಳೆ ಸೂಪ್ ಬೇಡ’ ಅಂತ ಜಪಾನಿ ಭಾಷೆಯಲ್ಲಿ ಒಂದು ಚೀಟಿ ಬರೆಸಿಟ್ಟುಕೊಂಡರೆ ಅರ್ಧ ತಲೆನೋವು ಹೋಗುತ್ತದೆ. ಊರಿನ ಪ್ರಸಿದ್ಧ ಶಿರೊಯ್ ಕೊಯ್ಬಿತೊ ಬಿಸ್ಕತ್ತಿನಲ್ಲಿ ಮೊಟ್ಟೆ ಇದೆ, ಮೊಟ್ಟೆ ತಿನ್ನದವರು ಗಮನಿಸಿ.

ಇನ್ನು ನಿಶ್ಚಿಂತೆಯಿಂದ ತಿನ್ನುವಂಥದ್ದು: ಏಪ್ರಿಲ್ ಕೊನೆಯಿಂದ ಅಕ್ಟೋಬರ್‌ವರೆಗೆ ಒದೋರಿಯಲ್ಲಿ ಗಾಡಿಯ ಮೇಲೆ ಮಾರುವ ಜೋಳದ ತೆನೆ, ಬೆಣ್ಣೆ ಹಚ್ಚಿದ ಆಲೂಗಡ್ಡೆ. ಹೊಕ್ಕಾಯ್ಡೊದ ಹಾಲು, ಬೇಸಿಗೆಯ ಮೆಲನ್ ಹಣ್ಣು. ಜೊಜಾಂಕೆಯ್‌ನಿಂದ ಸ್ವಲ್ಪ ಮುಂದೆ ಹೊಹೇಯ್ಕ್ಯೊ ಅನ್ನುವ ಬಿಸಿನೀರಿನ ಜಾಗದಲ್ಲಿ ಇಂಡಿಯನ್ ಕರಿ, ತಂದೂರಿನಿಂದ ಆಗ ತಾನೇ ತೆಗೆದ ನಾನ್ ಸಿಗುತ್ತದೆ, ಜಪಾನಿಯರೇ ಅದಕ್ಕಾಗಿ ಅಲ್ಲಿಗೆ ಹೋಗುತ್ತಾರೆ. ಚಿಕ್ಕ ಮಕ್ಕಳಿದ್ದರೆ ಒಲೆ, ವಾಷಿಂಗ್ ಮೆಷಿನ್ ಇರುವ ಅಪಾರ್ಟ್‌ಮೆಂಟ್ ಥರದ ರೂಮನ್ನೇ ಹಿಡಿಯಿರಿ. ಅನ್ನ, ಮೊಸರು, ಊರಿಂದ ತಂದ ಚಟ್ನಿಪುಡಿ ಇದ್ದರೆ ರಾತ್ರಿ ಊಟ ಆಯಿತು. ಚಳಿಗಾಲದಲ್ಲಿ ಒದ್ದೆಯಾದ ಕೈಗವಸು, ಕಾಲುಚೀಲ ಒಣಗಿಸಲೂ ಅದೇ ರೂಮು ಬೇಕಾಗುತ್ತದೆ. ಮಕ್ಕಳಿಗೆ ಎರಡು ಜೊತೆ ಕೈಗವಸು ತನ್ನಿ, ಮೊದಲನೆಯದು ಮಧ್ಯಾಹ್ನದೊಳಗೆ ನೆನೆದುಹೋಗುತ್ತದೆ.